ರಸ್ತೆಗೆ ಮುಖ ಮಾಡಿ ನಿಲ್ಲಿಸಿದ ಜೀಪು

ಬಣಕಲ್,
ಮೇ ೨೨, ಗುರುವಾರ

ಕಳಸದಲ್ಲಿ ಅಕ್ಕನ ಮನೆಯ ಜಗಲಿಯ ಮೇಲೆ ಮುನಿಸಿಕೊಂಡು ಕೂತಿರುವ ನಮ್ಮ ಮನೆಯವರಿಗೆ,

ತುಂಗಮ್ಮ ಮಾಡುವ ನಮಸ್ಕಾರ. ಇಲ್ಲಿ ನಾನು ಕ್ಷೇಮ. ಅಲ್ಲಿ ನೀವೂ ಕ್ಷೇಮವೆಂದು ಭುವನಕ್ಕ ಫೋನಿನಲ್ಲಿ ಹೇಳುತ್ತಲೇ ಇದ್ದಾರೆ. ನಾನು ಯಾವಾಗ ಫೋನು ಮಾಡಿದರೂ ನೀವು ಸ್ನಾನಕ್ಕೆ ಹೋಗಿರುತ್ತೀರಂತೆ. ಬೆಳಿಗ್ಗೆ ಮಾಡಿದರೂ ಸ್ನಾನ, ಮಧ್ಯಾಹ್ನ ಮಾಡಿದರೂ ಸ್ನಾನ. ಹೀಗೇ ಮುಂದುವರಿದರೆ ಮಳೆ ಹಿಡಿಯುವುದರೊಳಗೆ ಭದ್ರಾ ನದಿ ಬತ್ತಿಹೋದೀತು. ಅದಕ್ಕೇ ಈ ಕಾಗದ ಬರೆದು ನಾಳೆ ಬೆಳಗಿನ ಕಳಸದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ಜೊತೆಗೊಂದು ಪೊಟ್ಟಣವಿದೆ. ಅದರಲ್ಲಿ ನಿಮ್ಮ ಬಿಪಿ ಮಾತ್ರೆ, ಭುವನಕ್ಕನ ಮೊಣಕಾಲಿಗೆ ಹಚ್ಚುವ ಎಣ್ಣೆ, ಎರಡು ಶರಟು ಇವೆ. ತಳದಲ್ಲಿ ಪೇಪರು ಸುತ್ತಿದ ಇನ್ನೊಂದು ಸಾಮಾನಿದೆ. ಅದನ್ನು ಈ ಕಾಗದ ಪೂರ್ತಿ ಓದಿದ ಮೇಲೆ ಬಿಚ್ಚಬೇಕು. ನೀವು ಮೊದಲೇ ಬಿಚ್ಚುತ್ತೀರಿ, ನನಗೆ ಗೊತ್ತು. ಆದರೂ ಹೇಳಿದ್ದೇನೆ.

ಮೊದಲೇ ಒಂದು ಮಾತು. ನಿಮ್ಮನ್ನು ಕರೆಯುವುದಕ್ಕೆ ಈ ಕಾಗದ ಬರೆಯುತ್ತಿಲ್ಲ. ಭಾನುವಾರ ಬೆಳಿಗ್ಗೆ ನಾವು ಹಿಮಾಚಲದ ಸ್ಪಿತಿಗೆ ಹೊರಡುತ್ತಿದ್ದೇವೆ, ಅಷ್ಟನ್ನು ತಿಳಿಸುವುದು ಹೆಂಡತಿಯಾದವಳ ಧರ್ಮ ಎಂದು ಬರೆಯುತ್ತಿದ್ದೇನೆ. ಜೀಪು ಓಡಿಸಲು ಇಬ್ಬರು ಇರಲೇಬೇಕು, ಎರಡನೆಯವರು ಶನಿವಾರ ಸಂಜೆಯೊಳಗೆ ಸಿಗದಿದ್ದರೆ ಪ್ರಯಾಣವೇ ರದ್ದು ಎಂದು ರೇವತಿ ಟೀಚರು ಹಟ ಹಿಡಿದಿದ್ದಾರೆ. ಅದಕ್ಕೆ ವ್ಯವಸ್ಥೆ ಆಗುತ್ತಿದೆ. ನೀವು ತಲೆ ಕೆಡಿಸಿಕೊಳ್ಳಬೇಡಿ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನೀವು ಉಣ್ಣದೆ ಎದ್ದು ಹೋದಿರಿ, ಅದಕ್ಕೇ ಅದು ಇನ್ನೂ ಮುಗಿದಿಲ್ಲ. ಅಕ್ಕನಿಗೆ ಮೊಣಕಾಲು ನೋವು, ನೋಡಿಕೊಂಡು ಬರುತ್ತೇನೆ ಎಂದು ಬ್ಯಾಗು ಹಿಡಿದು ಬಸ್ಸು ಹತ್ತಿದವರು ಮೂರು ವಾರವಾಯಿತು. ಅಷ್ಟು ದಿನ ನೋಡುವಂಥದ್ದು ಒಂದು ಮೊಣಕಾಲಿನಲ್ಲಿ ಏನಿದೆಯೋ ನನಗೆ ತಿಳಿಯದು. ಆವತ್ತು ನಾನು ಕಡುಬು ಮಾಡಿದ್ದೆ. ಎಲ್ಲವನ್ನೂ ನಾನೊಬ್ಬಳೇ ತಿಂದು ಮಾರನೆಯ ದಿನ ಹೊಟ್ಟೆ ಕೆಡಿಸಿಕೊಂಡೆ. ಆ ಲೆಕ್ಕವೂ ನಿಮ್ಮ ತಲೆಯ ಮೇಲೇ ಇದೆ.

ನಿಮ್ಮ ವಾದ ನಾನು ಮರೆತಿಲ್ಲ. ನಮ್ಮೂರ ಹೆಂಗಸರು ಎರಡು ಮಳೆಗಾಲ ಕೂತು ಹೆಣೆದ ಉಣ್ಣೆ ಟೋಪಿ ಮೂರು ಗೋಣಿಚೀಲ ತುಂಬಿವೆ. ಅವು ಹೋಗಬೇಕಾದದ್ದು ರೇವತಿ ಟೀಚರ ತಂಗಿಯ ಮಗಳು ಭವ್ಯಾ ಪಾಠ ಹೇಳುವ ಆ ಹಿಮದೂರಿನ ಶಾಲೆಗೆ. ಚಳಿಗಾಲದಲ್ಲಿ ಅಲ್ಲಿಯ ಮಕ್ಕಳ ಕಿವಿ ಮರಗಟ್ಟಿ ಹೋಗುತ್ತದಂತೆ. ದಾರಿಯಲ್ಲಿ ನಿಂತ ಕಡೆಯಲ್ಲೆಲ್ಲ ನಮ್ಮ ತೋಟದ ಕಾಫಿ ಮಾಡಿ ಕೊಡುವುದು, ಕುಡಿದವರು ಮನಸ್ಸು ಬಂದಷ್ಟು ಡಬ್ಬಿಗೆ ಹಾಕುವುದು, ಅದರಿಂದ ಶಾಲೆಗೊಂದು ದೊಡ್ಡ ಒಲೆ ಹಾಕಿಸುವುದು ಎಂದೂ ನಿಶ್ಚಯ ಮಾಡಿದ್ದೆವು. ಇದನ್ನೆಲ್ಲ ಕೇಳಿ ನೀವು ಹೇಳಿದ್ದೇನು?

"ಟೋಪಿ ಪಾರ್ಸಲ್ ಮಾಡಿದ್ರೆ ಹೋಗುತ್ತಲ್ಲ ಮಾರಾಯ್ತಿ. ಅದಕ್ಕೆ ನೀನ್ಯಾಕೆ ಅಷ್ಟು ದೂರ ಜೀಪು ಓಡಿಸ್ಬೇಕು?"

"ಟೋಪಿ ಹೋಗುತ್ತೆ ಕಣ್ರೀ. ನಾನು ಹೋಗ್ತೀನಾ ಪಾರ್ಸಲ್ಲಲ್ಲಿ?" ಎಂದು ನಾನು ಕೇಳಿದೆ.

ಹಾಗಾದರೆ ಇದು ಮಕ್ಕಳಿಗಾಗಿ ಅಲ್ಲ, ನಿನ್ನ ತಿರುಗಾಟಕ್ಕಾಗಿ ಎಂದಿರಿ. ಆ ಮಾತಿಗೆ ನನಗೆ ಮೈ ಉರಿದುಹೋಯಿತು. ಸುಳ್ಳು ಹೇಳಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಮಕ್ಕಳ ಕಿವಿ ಬೆಚ್ಚಗಾಗಲಿ ಎನ್ನುವುದೂ ನಿಜ, ಕಾಲಲ್ಲಿ ಶಕ್ತಿ ಇರುವಾಗಲೇ ಹಿಮ ಅಂದರೆ ಏನೆಂದು ಮುಟ್ಟಿ ನೋಡಬೇಕು ಎನ್ನುವುದೂ ನಿಜ. ಒಂದೇ ಜೀಪಿನಲ್ಲಿ ಎರಡೂ ಹೋದರೆ ಯಾರ ಗಂಟು ಹೋಗುತ್ತದೆ?

ಇರಲಿ. ಇಲ್ಲಿಯ ತಯಾರಿ ಹೇಳುತ್ತೇನೆ. ನಾವು ಮೂವರು ಹೊರಟಿರುವುದು: ನಾನು, ರೇವತಿ ಟೀಚರು, ಮತ್ತು ಮೂಡಿಗೆರೆ ಬಸ್‌ಸ್ಟ್ಯಾಂಡಿನ ದಿನಸಿ ಅಂಗಡಿಯ ಪ್ರೇಮಕುಮಾರಿ. ಟೀಚರಿಗೆ ಡ್ರೈವಿಂಗ್ ಬರುವುದಿಲ್ಲ, ಆದರೆ ಡ್ರೈವ್ ಮಾಡುವವರನ್ನು ತಿದ್ದುವುದು ಚೆನ್ನಾಗಿ ಬರುತ್ತದೆ. ನಿವೃತ್ತಿಯಾದ ಮೇಲೆ ತಿದ್ದಲು ಯಾರೂ ಸಿಗದೆ ಒಣಗಿಹೋಗಿದ್ದರು, ಈಗ ಚಿಗುರಿದ್ದಾರೆ. ಪ್ರೇಮಾಗೆ ಸ್ಕೂಟರ್ ಮಾತ್ರ ಬರುತ್ತದೆ. ಅವಳ ಜವಾಬ್ದಾರಿ ಊಟ ತಿಂಡಿ. ಅವಳು ಅಂಗಡಿಯ ಅರ್ಧ ಭಾಗವನ್ನು ಜೀಪಿಗೆ ಏರಿಸಿದ್ದಾಳೆ. ಕೋಡುಬಳೆ, ಚಕ್ಕುಲಿ, ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿ, ಅಕ್ಕಿತರಿ, ಜೊತೆಗೆ ಒಣಮೀನು ಬೇಡವೆಂದು ಬರೆದಂಟಿಸಿದ ಒಂದು ಚೀಟಿ. ಅವಳು ಶುದ್ಧ ಸಸ್ಯಾಹಾರಿ. ಆ ಚೀಟಿ ಇರುವುದು ನನಗಾಗಿ.

ಜೀಪಿಗೆ ಕಟ್ಟುವ ಬ್ಯಾನರನ್ನೂ ಅವಳೇ ಬರೆಸಿ ತಂದಳು. 'ಮಕ್ಕಳಿಗೆ ಟೋಪಿ ಹಾಕಲು ಹೊರಟ ಬಣಕಲ್ ಮಹಿಳೆಯರು' ಎಂದು ಕೆಂಪು ಅಕ್ಷರದಲ್ಲಿತ್ತು. ಟೀಚರು ಅದನ್ನು ಓದಿ ಕುರ್ಚಿಯ ಮೇಲೆ ಕೂತುಬಿಟ್ಟರು. ಈಗ ಬೇರೆಯದು ಬಂದಿದೆ. ಹಳೆಯ ಬ್ಯಾನರನ್ನು ಕಾಫಿಪುಡಿ ಮೂಟೆಯ ಮೇಲೆ ಹೊದಿಸಿದ್ದೇವೆ, ಅಕ್ಷರ ಒಳಮುಖ ಮಾಡಿ.

ಟೋಪಿಗಳನ್ನು ಕಟ್ಟುವ ದಿನ ಒಂದು ಪ್ರಸಂಗ ನಡೆಯಿತು. ಟೀಚರು ಒಂದೊಂದನ್ನೇ ತೆಗೆದು ಹಿಗ್ಗಿಸಿ ಅಳತೆ ನೋಡುತ್ತಿದ್ದರು. ಬೂದು ಬಣ್ಣದ್ದೊಂದು ಟೋಪಿ ಕೈಗೆ ಬಂತು. ಅದನ್ನು ಎತ್ತಿ ಹಿಡಿದು, ಇಷ್ಟು ದೊಡ್ಡ ತಲೆಯ ಮಗು ಯಾವ ತರಗತಿಯಲ್ಲಿದೆ ಎಂದು ಕೇಳಿದರು. ಹೆಂಗಸರೆಲ್ಲ ನಕ್ಕರು. ಹೆಣಿಗೆಯಲ್ಲಿ ಲೆಕ್ಕ ತಪ್ಪಿರಬೇಕು ಎಂದು ಹೇಳಿ ನಾನು ಅದನ್ನು ಸೆರಗಿನಡಿ ಇಟ್ಟುಕೊಂಡೆ.

ಇನ್ನು ಪ್ರವಾಸದ ವಿಷಯ. ಭವ್ಯಾ ಒಂದು ಮಾತು ಹೇಳಿ ಕಳಿಸಿದ್ದಳು. ಅಲ್ಲಿಯ ಮಕ್ಕಳು ನಿಮ್ಮೂರು ಹೇಗಿದೆ, ನಿಮ್ಮ ಬೆಟ್ಟ ಎಷ್ಟೆತ್ತರ ಎಂದು ಕೇಳಿಯೇ ಕೇಳುತ್ತಾರೆ, ಸರಿಯಾಗಿ ಹೇಳಲು ಸಿದ್ಧರಾಗಿ ಬನ್ನಿ ಎಂದು. ಆಗ ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಮುಳ್ಳಯ್ಯನಗಿರಿಗೆ ನಾನು ಹೋದದ್ದು ಹೈಸ್ಕೂಲಿನಲ್ಲಿದ್ದಾಗ. ಟೀಚರು ಪ್ರತಿ ವರ್ಷ ಮಕ್ಕಳನ್ನು ಕಳಿಸಿದ್ದರೇ ಹೊರತು ಕಾಲುನೋವೆಂದು ಕೆಳಗೇ ಉಳಿದವರು. ಪ್ರೇಮಾ ಗಿರಿಯನ್ನು ನೋಡಿರುವುದು ಅಂಗಡಿಯ ಕ್ಯಾಲೆಂಡರಿನಲ್ಲಿ. ಹಿತ್ತಲ ಗಿಡ ಮದ್ದಲ್ಲ ನೋಡಿ. ಎಲ್ಲಿಂದಲೋ ಬಂದವರು ವಾರವಾರ ಹತ್ತಿ ಇಳಿಯುವ ಬೆಟ್ಟವನ್ನು ನಾವು ಪಕ್ಕದಲ್ಲೇ ಇದ್ದು ಕಂಡಿಲ್ಲ. ಹೊರಡುವ ಮೊದಲು ನಮ್ಮ ಜಿಲ್ಲೆಯನ್ನು ನಾವು ನೋಡೋಣ, ಜೀಪಿಗೂ ಪರೀಕ್ಷೆ ಆಗುತ್ತದೆ ಎಂದು ಟೀಚರು ಅಪ್ಪಣೆ ಕೊಟ್ಟರು.

ಜೀಪು ನೀವು ಹೋಗುವ ಮೊದಲಿನಿಂದಲೂ ಮೂಡಿಗೆರೆಯಲ್ಲಿ ಮೆಕ್ಯಾನಿಕ್ ಮಲ್ಲೇಶನ ಗ್ಯಾರೇಜಿನಲ್ಲೇ ಇತ್ತಲ್ಲ. ಹೋದ ಶನಿವಾರ ಅವನು ತಂದು ನಮ್ಮ ಅಂಗಳದಲ್ಲಿ ರಸ್ತೆಗೆ ಮುಖ ಮಾಡಿ ನಿಲ್ಲಿಸಿ ಹೋದ. ಭಾನುವಾರ ಬೆಳಿಗ್ಗೆ ಹತ್ತಿ ಕೂತು ಹೊರಟೆವು. ಅತ್ತಿಗುಂಡಿಯಲ್ಲಿ ತಿಂಡಿ ತಿಂದೆವು. ಬೆಂಗಳೂರು ಕಡೆಯ ಒಂದು ಗುಂಪು ಪಕ್ಕದ ಮೇಜಿನಲ್ಲಿತ್ತು. ಅವರಲ್ಲೊಬ್ಬಳು ಹುಡುಗಿ ನಾವು ಹೊಸಬರೆಂದು ತಿಳಿದು, ಕಾಫಿ ಈ ಬೆಟ್ಟಕ್ಕೆ ಹೇಗೆ ಬಂತು ಎಂದು ನಮಗೇ ವಿವರವಾಗಿ ಹೇಳಿದಳು. ಕಾಫಿ ಗಿಡ ನೋಡಿದ್ದೀರಾ ಆಂಟಿ ಎಂದೂ ಕೇಳಿದಳು. ಇಲ್ಲಮ್ಮ, ತೋರಿಸು ಎಂದಳು ಪ್ರೇಮಾ. ಆ ಮಗು ರಸ್ತೆ ದಾಟಿಸಿ ಕರೆದುಕೊಂಡು ಹೋಗಿ ಬೇಲಿಯ ಆಚೆಗಿದ್ದ ಒಂದು ಗಿಡ ತೋರಿಸಿತು. ಅದು ಕಾಫಿಯಲ್ಲ, ಆದರೆ ಅಷ್ಟು ಪ್ರೀತಿಯಿಂದ ತೋರಿಸಿದ್ದನ್ನು ಅಲ್ಲಗಳೆಯಲು ನಮಗೆ ಮನಸ್ಸಾಗಲಿಲ್ಲ.

ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತಿದೆವು. ಟೀಚರು ಅಲ್ಲಲ್ಲಿ ನಿಂತು ಪ್ರಕೃತಿ ವೀಕ್ಷಣೆ ಮಾಡುತ್ತೇನೆ ಎನ್ನುತ್ತಿದ್ದರು, ಏದುಸಿರು ಎಂದು ಒಪ್ಪಿಕೊಳ್ಳಲಿಲ್ಲ. ಮೇಲೆ ನಿಂತಾಗ ಮಂಜು ಒಂದು ಗಳಿಗೆ ಸರಿಯಿತು. ಕೆಳಗೆ ಹಸಿರು, ಆಚೆ ಹಸಿರು, ಅದರಾಚೆ ನೀಲಿ. ಕಳಸ ಯಾವ ದಿಕ್ಕಿಗೆ ಎಂದು ನಾನು ಹುಡುಕಿದೆ. ಯಾಕೆ ಹುಡುಕಿದೆ ಎಂದು ಕೇಳಬೇಡಿ, ಸುಮ್ಮನೆ.

ಆಪತ್ತು ಕಾದಿದ್ದದ್ದು ಇಳಿಯುವಾಗ. ರಜೆಯ ಭಾನುವಾರ, ವಾಹನಗಳ ಸಾಲು. ಒಂದು ಪಕ್ಕ ಗುಡ್ಡ, ಇನ್ನೊಂದು ಪಕ್ಕ ಕಣಿವೆ, ನಡುವೆ ನಮ್ಮ ಅಡುಗೆಮನೆಯಷ್ಟು ಅಗಲದ ರಸ್ತೆ. ತಿರುವಿನಲ್ಲಿ ಎದುರಿಗೊಂದು ಟೆಂಪೋ ಏರಿ ಬಂತು. ನಾನು ನಿಲ್ಲಿಸಿ ಹಾರನ್ ಮಾಡಿದೆ. ಟೆಂಪೋ ಹಿಂದೆ ಹೋಗಲಿಲ್ಲ. ಇನ್ನೊಮ್ಮೆ ಮಾಡಿದೆ. ಅವನೂ ಮಾಡಿದ. ಇಳಿಯುವವರೇ ಏರುವವರಿಗೆ ಜಾಗ ಬಿಡಬೇಕು, ಹಿಂದೆ ತೆಗಿ ಎಂದು ಟೀಚರು ಹೇಳಿದರು. ನಾನು ಗೇರಿನ ಮೇಲೆ ಕೈಯಿಟ್ಟು ಕೂತೆ.

ಆಗ ನನಗೆ ಹೊಳೆಯಿತು ನೋಡಿ. ಮದುವೆಯಾಗಿ ಬಂದ ಮೇಲೆ ನೀವೇ ಕಲಿಸಿದ ಡ್ರೈವಿಂಗು, ಇಷ್ಟು ವರ್ಷ ತೋಟದ ರಸ್ತೆಯಲ್ಲೂ ಬಣಕಲ್ ಪೇಟೆಯಲ್ಲೂ ಓಡಿಸಿದ್ದೇನೆ, ಆದರೆ ರಿವರ್ಸ್ ಎನ್ನುವುದನ್ನು ನಾನು ಒಂದು ದಿನವೂ ಹಾಕಿಲ್ಲ. ತೋಟದಲ್ಲಿ ನನ್ನ ಹಾರನ್ ಕೇಳಿದರೆ ಸಾಕು, ಗೊಬ್ಬರದ ಟ್ರ್ಯಾಕ್ಟರಿನಿಂದ ಹಿಡಿದು ತೋಟದ ಲೆಕ್ಕ ಬರೆಯುವ ರೈಟರ ಬೈಕಿನ ತನಕ ಎಲ್ಲ ತಾವಾಗಿ ಹಿಂದೆ ಸರಿಯುತ್ತಿದ್ದವು. ಅಮ್ಮಾವರ ಜೀಪು ಎಂದರೆ ಹಿಂದೆ ಹೋಗಬೇಕಾದವರು ಎದುರಿನವರು. ಜಗತ್ತಿನ ಎಲ್ಲ ರಸ್ತೆಯೂ ಹಾಗೇ ಎಂದು ನಾನು ತಿಳಿದಿದ್ದೆ.

"ತುಂಗಾ, ಹಿಂದೆ ತೆಗಿಯೋಕೆ ಬರುತ್ತೆ ತಾನೆ?" ಎಂದು ಟೀಚರು ಬಹಳ ಮೆಲ್ಲಗೆ ಕೇಳಿದರು.

ಬರುವುದಿಲ್ಲ ಎಂದೆ. ಅಷ್ಟರಲ್ಲಿ ಹಿಂದೆ ಮುಂದೆ ವಾಹನ ತುಂಬಿ ಹಾರನ್ನುಗಳ ಜಾತ್ರೆಯೇ ಶುರುವಾಯಿತು. ಪ್ರೇಮಾ ಏನು ಮಾಡಿದಳು ಗೊತ್ತೇ? ಡಬ್ಬಿ ಹಿಡಿದು ಕೆಳಗಿಳಿದು ಒಂದೊಂದು ಕಾರಿನ ಕಿಟಕಿಗೂ ಕೋಡುಬಳೆ ಹಂಚುತ್ತಾ ಹೋದಳು. ಬೈಯಲು ಬಾಯಿ ತೆರೆದವರೆಲ್ಲ ತಿನ್ನತೊಡಗಿದರು. ಯಾರೋ ಬ್ಯಾನರ್ ಓದಿ, ಸ್ಪಿತಿ ಎಂದರೆ ಹಿಮಾಚಲದಲ್ಲಲ್ಲವೇ, ಈ ರಸ್ತೆ ಅಲ್ಲಿಗೆ ಹೋಗುತ್ತದೆಯೇ ಎಂದು ವಿಚಾರಿಸಿದರು. ಕಡೆಗೆ ಟೆಂಪೋದ ಡ್ರೈವರೇ ಕೈ ಒರೆಸಿಕೊಳ್ಳುತ್ತಾ ಬಂದು, ಇಳೀರಿ ಅಮ್ಮಾ ಎಂದು ನನ್ನನ್ನು ಇಳಿಸಿ, ಹಿಂದಿನ ಕಾರಿನವರಿಗೆ ಕೈಬೀಸಿ ಹಿಂದೆ ಸರಿಸಿ, ನಮ್ಮ ಜೀಪನ್ನು ಮೇಲಿನ ತಿರುವಿನವರೆಗೆ ಹಿಂದಕ್ಕೆ ಒಯ್ದು ನಿಲ್ಲಿಸಿದ. ನಮ್ಮ ದಾರಿಯ ತಿಂಡಿ ಅರ್ಧ ಅಲ್ಲೇ ಖಾಲಿಯಾಯಿತು. ನನ್ನ ಮಾನವೂ ಅಷ್ಟೇ.

ಬಣಕಲ್ ಬಂದ ಮೇಲೆ ಟೀಚರು ಆ ಷರತ್ತು ಹಾಕಿದರು. ಬೆಟ್ಟದ ರಸ್ತೆಯಲ್ಲಿ ಜೀಪನ್ನು ಹಿಂದಕ್ಕೂ ಮುಂದಕ್ಕೂ ಆಡಿಸಬಲ್ಲ ಎರಡನೇ ಡ್ರೈವರ್ ಬೇಕು, ಇಲ್ಲದಿದ್ದರೆ ಗೋಣಿಚೀಲಗಳು ಪಾರ್ಸಲ್ಲಿನಲ್ಲಿ ಹೋಗುತ್ತವೆ, ನಾವು ಮನೆಯಲ್ಲಿರುತ್ತೇವೆ. ನೀವು ಹೇಳಿದ್ದೇ ಗೆಲ್ಲುವ ಹಾಗಾಯಿತು. ನನಗೆ ಅಳು ಬಂತು. ಅತ್ತುಬಿಟ್ಟೆ ಕೂಡ.

ಆದರೆ ಅದಕ್ಕಿಂತ ಹೆಚ್ಚಿನದು ಮಾರನೆಯ ಬೆಳಿಗ್ಗೆ ಆಯಿತು. ನಾನು ಎಂದಿನಂತೆ ಜೀಪನ್ನು ಶೆಡ್ಡಿಗೆ ನೇರ ನುಗ್ಗಿಸಿ ಇಳಿದಿದ್ದೆ. ಬೆಳಿಗ್ಗೆ ನೋಡಿದರೆ ಅದು ಗೋಡೆಗೆ ಮುಖ ಮಾಡಿಕೊಂಡು ನಿಂತಿದೆ. ನಾನು ನಿಲ್ಲಿಸಿದ್ದು ಹಾಗೇ, ಮತ್ತೆ ಹೇಗೆ ನಿಂತಿರಬೇಕು? ಆದರೂ ನನಗೆ ಆಶ್ಚರ್ಯವಾಯಿತು. ಯಾಕೆಂದರೆ ಇಷ್ಟು ವರ್ಷದಲ್ಲಿ ಯಾವ ಬೆಳಿಗ್ಗೆ ನಾನು ಸೀರೆ ಉಟ್ಟು ಹೊರಗೆ ಬಂದರೂ ಜೀಪು ಅಂಗಳದಲ್ಲಿ ರಸ್ತೆಗೆ ಮುಖ ಮಾಡಿಯೇ ನಿಂತಿರುತ್ತಿತ್ತು. ಮದುವೆಗೆ ಹೊರಟರೂ, ಸಂಘದ ಮೀಟಿಂಗಿಗೆ ಹೊರಟರೂ, ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡು ತವರಿಗೆ ಹೊರಟರೂ. ಅದು ತಾನಾಗಿಯೇ ತಿರುಗಿಕೊಂಡು ನಿಲ್ಲುತ್ತದೆ ಎಂದು ನಾನು ತಿಳಿದಿದ್ದೆನೋ ಏನೋ. ನಾನು ಏಳುವ ಮೊದಲೇ ನೀವು ಎದ್ದು, ಸದ್ದಿಲ್ಲದೆ ಹಿಂದಕ್ಕೆ ತೆಗೆದು, ತಿರುಗಿಸಿ ನಿಲ್ಲಿಸಿ, ಏನೂ ಮಾಡದವರ ಹಾಗೆ ಪೇಪರ್ ಹಿಡಿದು ಕೂರುತ್ತಿದ್ದಿರಿ. ಒಂದು ದಿನವೂ ಹೇಳಲಿಲ್ಲ. ನನಗೂ ಒಂದು ದಿನ ಕೇಳಬೇಕು ಎನಿಸಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತು ನಿಮ್ಮನ್ನು ಬಹಳ ನೆನೆಸಿಕೊಂಡೆ. ಬೈದುಕೊಂಡೇ ನೆನೆಸಿಕೊಂಡೆ, ಆದರೆ ನೆನೆಸಿಕೊಂಡೆ.

ಆ ದಿನವೇ ಮಲ್ಲೇಶನನ್ನು ಕರೆಸಿ ರಿವರ್ಸ್ ಕಲಿಸು ಎಂದೆ. ಕಾಫಿ ಒಣಗಿಸುವ ಕಣ ಈಗ ಖಾಲಿಯಿದೆಯಲ್ಲ, ಅಲ್ಲೇ ಶುರುವಾಯಿತು. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಬೆನ್ನು ಯಾವ ಕಡೆ ಹೋಗುತ್ತದೆ ಎಂದು ತಿಳಿಯುವಷ್ಟರಲ್ಲಿ ಸ್ವಲ್ಪ ನಷ್ಟವಾಗಿದೆ. ನೀರಿನ ಡ್ರಮ್ಮು ಈಗ ಡ್ರಮ್ಮಿನ ಆಕಾರದಲ್ಲಿಲ್ಲ. ನೀವು ಪೇಪರ್ ಓದುವ ಕಲ್ಲುಬೆಂಚು ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಕಡೆ ಕೊಂಚ ವಾಲಿಕೊಂಡಿದೆ, ಆದರೆ ಕೂರಬಹುದು. ನಾನು ಕೂತು ನೋಡಿದ್ದೇನೆ, ಬೀಳುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ಕಣವೇ ಇಳಿಜಾರಾಗಿದೆ ಎಂದೆ. ಮಲ್ಲೇಶ ಬೆಂಚಿನ ಆಚೆಗೆ ಹೋಗಿ ನಿಂತುಕೊಂಡ.

ಇದರ ನಡುವೆ ಟೀಚರು ಮೂಡಿಗೆರೆಯಿಂದ ಒಬ್ಬ ಡ್ರೈವರನ್ನು ಗೊತ್ತು ಮಾಡಿದ್ದರು. ಪಾಪ, ಒಳ್ಳೆಯವನು. ಮಂಗಳವಾರ ನಮ್ಮ ಮೂವರನ್ನೂ ಕೂರಿಸಿಕೊಂಡು ಕೊಟ್ಟಿಗೆಹಾರದ ತನಕ ಹೋಗಿ ಬಂದ. ಟೀಚರು ಎಡಗಡೆಯಿಂದ ತಿದ್ದಿದರು, ನಾನು ಹಿಂದಿನಿಂದ ತಿದ್ದಿದೆ, ಪ್ರೇಮಾ ಅವನ ಬಾಯಿಗೆ ಚಕ್ಕುಲಿ ಇಡುತ್ತಲೇ ಇದ್ದಳು. ಇಳಿದ ಮೇಲೆ ಅವನಿಗೆ ಚಿಕ್ಕಮ್ಮನ ಮಗಳ ಮದುವೆ ಇರುವುದು ನೆನಪಾಯಿತು. ಮದುವೆ ಯಾವತ್ತು ಎಂದು ಕೇಳಿದರೆ, ಇನ್ನೂ ಹೆಣ್ಣು ನೋಡಲು ಬಂದಿಲ್ಲ ಎಂದ. ಹಾಗಾಗಿ ಮೇಲೆ ಬರೆದ ವ್ಯವಸ್ಥೆ ಇಷ್ಟಕ್ಕೆ ಬಂದು ನಿಂತಿದೆ. ಯಾರೂ ಇಲ್ಲ. ನಮ್ಮ ಮೂವರ ಮಾತನ್ನೂ ಒಟ್ಟಿಗೆ ಕೇಳಿಸಿಕೊಂಡು ಒಂದನ್ನೂ ಕಿವಿಗೆ ಹಾಕಿಕೊಳ್ಳದಂಥ ಗಂಡಸು ಈ ಸೀಮೆಯಲ್ಲಿ ಒಬ್ಬರೇ ಇರುವುದು.

ಇನ್ನೊಂದು ಸಂಗತಿ. ಜೀಪಿಗೆ ನಾಲ್ಕೂ ಹೊಸ ಟಯರು ಬಂದಿವೆ, ಬ್ರೇಕ್ ಪೂರ್ತಿ ಬದಲಾಗಿದೆ, ಚಳಿಯಲ್ಲಿ ಹೊತ್ತಿಕೊಳ್ಳುವಂಥ ಬ್ಯಾಟರಿ ಹಾಕಿದೆ. ನಾನು ಹೇಳಿದ್ದು ಬರೀ ಆಯಿಲ್ ಬದಲಿಸಲು. ಇದನ್ನೆಲ್ಲ ಯಾರು ಹೇಳಿದ್ದು ಎಂದು ಮಲ್ಲೇಶನನ್ನು ಹಿಡಿದು ನಿಲ್ಲಿಸಿದೆ. ಅವನು ನೆಲ ನೋಡಿದ, ಡ್ರಮ್ಮು ನೋಡಿದ, ಕಡೆಗೆ ಬಾಯಿಬಿಟ್ಟ.

"ಗೌಡ್ರು ದಿನಾ ಫೋನ್ ಮಾಡ್ತಾರೆ ಅಮ್ಮಾ. ಹಿಮದ ರೋಡಲ್ಲಿ ಜಾರಬಾರ್ದು, ಒಂದೂ ಹಳೇದು ಬಿಡ್ಬೇಡ ಅಂದಿದಾರೆ. ನಿಮಗೆ ಹೇಳ್ಬೇಡ ಅಂತ್ಲೂ ಅಂದಿದಾರೆ."

ಸ್ನಾನದ ಮನೆಯಿಂದಲೇ ಫೋನು ಮಾಡುತ್ತಿದ್ದಿರೇನು?

ಅವನನ್ನು ಬೈಯಬೇಡಿ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ, ಇಷ್ಟಕ್ಕೆ ಮುಗಿಸುತ್ತೇನೆ. ಮಾತ್ರೆ ಊಟವಾದ ಮೇಲೆ ತೆಗೆದುಕೊಳ್ಳಿ, ಮೊದಲಲ್ಲ. ಭುವನಕ್ಕನಿಗೆ ನಮಸ್ಕಾರ ತಿಳಿಸಿ. ಸುಳ್ಳು ಹೇಳಿ ಹೇಳಿ ಅವರ ನಾಲಿಗೆ ದಣಿದಿರಬೇಕು, ಒಂದು ಲೋಟ ಒಳ್ಳೆಯ ಕಾಫಿ ಮಾಡಿಕೊಡಿ.

ನಿಮ್ಮ ಮೇಲೆ ಇನ್ನೂ ಸ್ವಲ್ಪ ಸಿಟ್ಟು ಉಳಿಸಿಕೊಂಡಿರುವ,
ನಿಮ್ಮ
ತುಂಗಾ

ವಿ.ಸೂ.: ಶನಿವಾರ ಮಧ್ಯಾಹ್ನ ನಾವು ಮೂವರೂ ಕಳಸಕ್ಕೆ ಬರುತ್ತಿದ್ದೇವೆ. ದೇವರ ದರ್ಶನಕ್ಕೆ, ನಿಮ್ಮ ದರ್ಶನಕ್ಕಲ್ಲ. ಆದರೆ ಅಲ್ಲಿಯವರೆಗೆ ಬಂದು ಭುವನಕ್ಕನನ್ನು ಮಾತಾಡಿಸದೆ ಹೋಗಲಾಗುತ್ತದೆಯೇ? ಅವರ ಮನೆಯ ಓಣಿ ನಿಮಗೆ ಗೊತ್ತು. ಎರಡು ಕಡೆಯೂ ಗೋಡೆ, ಜೀಪು ತಿರುಗಿಸಲು ಜಾಗವಿಲ್ಲ. ಅಲ್ಲಿಗೆ ಹೋದಾಗಲೆಲ್ಲ ನನ್ನನ್ನು ಮೊದಲೇ ಇಳಿಸಿ ನೀವು ಹಿಂದಕ್ಕೆ ತೆಗೆದುಕೊಂಡು ಬರುತ್ತಿದ್ದಿರಿ. ಈ ಸಲ ಓಣಿಯ ಬಾಯಿಂದ ಗೇಟಿನವರೆಗೆ ನಾನೇ ರಿವರ್ಸಿನಲ್ಲಿ ಬರುತ್ತೇನೆ. ಭುವನಕ್ಕನ ಹೂಕುಂಡಗಳನ್ನು ಒಳಗೆ ಎತ್ತಿಡಲು ಹೇಳಿ. ಪೊಟ್ಟಣದ ತಳದಲ್ಲಿರುವುದು ಆ ಬೂದು ಟೋಪಿ. ಲೆಕ್ಕ ತಪ್ಪಿ ಹೆಣೆದದ್ದಲ್ಲ, ನೀವು ಮಲಗಿದ್ದಾಗ ನೂಲು ಹಿಡಿದು ತಲೆಯ ಅಳತೆ ತೆಗೆದು ಹೆಣೆದದ್ದು, ಹೋದ ಮಳೆಗಾಲದಲ್ಲೇ. ಶನಿವಾರ ಎಷ್ಟೇ ಬಿಸಿಲಿದ್ದರೂ ಅದನ್ನು ಹಾಕಿಕೊಂಡು ಗೇಟಿನ ಹತ್ತಿರ ನಿಂತಿರಿ, ನಾನು ಕನ್ನಡಿಯಲ್ಲಿ ನೋಡುತ್ತಾ ಬರುತ್ತೇನೆ. ಮಾತೇನೂ ಆಡಬೇಕಾಗಿಲ್ಲ. ಬ್ಯಾಗು ಹಿಂದೆ ಹಾಕಿ ಹತ್ತಿ ಕೂತರೆ ಸಾಕು, ಜೀಪನ್ನು ರಸ್ತೆಗೆ ಮುಖ ಮಾಡಿಯೇ ನಿಲ್ಲಿಸಿರುತ್ತೇನೆ.